ಕಮಾನಿನ ಮೇಲಿನ ಮನೆ ಮಾರಿದ್ದು

೨೦೨೩ನೆಯ ಇಸವಿ, ನನಗಾಗ ನಲವತ್ತೊಂಬತ್ತು ವರ್ಷ. ರಾಣೇಬೆನ್ನೂರಿನ ಪೇಟೆಯ ನಡುವೆ, ಕಲ್ಲಿನ ಕಮಾನುಗಳ ಕೆಳಗೆ ಎರಡೂ ಬದಿಗೆ ಅಂಗಡಿಗಳಿರುವ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಅಕ್ಕನೂ ನಾನೂ ವಾಸವಾಗಿದ್ದೆವು. ಆ ಮನೆಯನ್ನು ಮಾರಬೇಕೆಂದು ನಿಶ್ಚಯಿಸಿದ್ದು ಆ ವರ್ಷದ ದೀಪಾವಳಿಯ ಮರುದಿನ.

ಅಕ್ಕನ ಮೊಣಕಾಲುಗಳು ಕಡಿದಾದ ನಮ್ಮ ಮೆಟ್ಟಿಲುಗಳನ್ನು ಒಪ್ಪದೆ ಬಹಳ ದಿನಗಳಾಗಿದ್ದವು. ಹಬ್ಬದ ಸಂಜೆ ಅಂಗಡಿಗಳ ಲಕ್ಷ್ಮೀಪೂಜೆ ನೋಡಲೆಂದು ಕೆಳಗಿನ ಅಂಗಡಿಯವರಿಬ್ಬರು ಆಕೆಯನ್ನು ಖುರ್ಚಿಯಲ್ಲಿ ಕೂರಿಸಿ ಹೊತ್ತೊಯ್ದರು. ಬೆಳಗಾದ ಮೇಲೆ ಆಕೆ ಹೇಳಿದಳು:

“ತಮ್ಮಾ, ಇನ್ನೊಮ್ಮೆ ನನ್ನ ಹಂಗ ಹೊರಿಸಬ್ಯಾಡ. ನಾ ಏನು ಪಲ್ಲಕ್ಕಿ ದೇವರಲ್ಲ. ನನಗ ನಾನs ಹೋಗಿ ಕೊತ್ತಂಬ್ರಿ ತರೂವಂಥಾ ಮನಿ ಬೇಕು.”

ಅಂಥದೊಂದು ಮನೆ ಹಾವೇರಿಯಲ್ಲಿ, ರೈಲು ನಿಲ್ದಾಣದ ಹಿಂಭಾಗದಲ್ಲಿತ್ತು. ಹೊಸ್ತಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ರಸ್ತೆ. ಶಿವರಾತ್ರಿಯವರೆಗೆ ಬೇರೆಯವರಿಗೆ ಮಾತು ಕೊಡುವುದಿಲ್ಲವೆಂದು ಅದರ ಮಾಲೀಕರು ಒಪ್ಪಿಕೊಂಡರು. ನಮ್ಮದು ಮಾರಿದರೆ ಮಾತ್ರ ಅದು ನಮ್ಮದಾಗಬಹುದಿತ್ತು.

ಮಾರುವುದಕ್ಕೆ ಒಂದೇ ತೊಡಕು: ಕೀಲಿಕೈ. ನಮ್ಮ ಕಟ್ಟಡದ ಹೆಬ್ಬಾಗಿಲನ್ನು ರಾತ್ರಿ ಒಳಗಿನಿಂದ ಮುಚ್ಚಿ ಬೀಗ ಹಾಕಿ, ನಸುಕಿನಲ್ಲಿ ತೆರೆಯುವ ಕೆಲಸ ಮೊದಲಿನಿಂದಲೂ ಮೇಲಿನ ಮನೆಯವರದು. ಅಪ್ಪ ಅದನ್ನು ಮಾಡಿದರು, ಅಕ್ಕ ಮಾಡಿದಳು, ಆಮೇಲೆ ನಾನು ಮಾಡಿದೆ. ಮನೆ ಕೈ ಬದಲಾದರೆ ಕೀಲಿಕೈಯೂ ಬದಲಾಗಬೇಕು. ಅದಕ್ಕೆ ಕೆಳಗಿನ ಎಲ್ಲ ಅಂಗಡಿಯವರ ಒಪ್ಪಿಗೆ ಬೇಕು. ಇದು ಯಾವ ಕಾಗದದಲ್ಲಿಯೂ ಇಲ್ಲ. ಆದರೆ ಇದನ್ನು ಮೀರಿದವರೂ ಯಾರೂ ಇಲ್ಲ.

ಹಲವು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದ ನನಗೆ ಯಾವುದನ್ನಾದರೂ ಕ್ರಮವಾಗಿ ಹೇಳದ ಹೊರತು ಸಮಾಧಾನವಿಲ್ಲ. ಮನೆ ನೋಡಲು ಬಂದವರಿಗೆ ಮೊದಲು ಮೆಟ್ಟಿಲಿನ ಕಷ್ಟ, ಅನಂತರ ಬೇಸಿಗೆಯ ಕಾವು, ಕೊನೆಗೆ ಕೀಲಿಕೈಯ ಕರ್ತವ್ಯ ಎಂದು ಬಿಡಿಸಿ ಬಿಡಿಸಿ ವಿವರಿಸಿದೆ. ಅವರು ಚಹಾ ಕುಡಿದು ಹೋದರು, ತಿರುಗಿ ಬರಲಿಲ್ಲ.

ಒಳಗಿನಿಂದ ಅಕ್ಕ ಕೇಳಿದಳು: “ನೀ ಮನಿ ಮಾರಾಕತ್ತೀಯೋ, ಅವರ ಪರೀಕ್ಷಾ ತಗೊಳ್ಳಾಕತ್ತೀಯೋ?”

ಮುಂದಿನವರನ್ನು ನೇರವಾಗಿ ಮುಂಭಾಗದ ಕಿಟಕಿಗೆ ಕರೆದೊಯ್ದೆ. ಅಲ್ಲಿ ನಿಂತರೆ ಇಡೀ ಪೇಟೆ ಕಾಣುತ್ತದೆ: ಬಳೆಗಳ ರಾಶಿ, ಹೂವಿನ ಬುಟ್ಟಿಗಳು, ಬೀಜದ ಚೀಲ ಹೊತ್ತ ಹಮಾಲರು. ಅವರಿಗೆ ಬಹಳ ಮೆಚ್ಚಿಗೆಯಾಯಿತು. ಕೀಲಿಕೈಯ ಮಾತು ಬಂದೊಡನೆ ಮುಖ ಇಳಿಯಿತು.

“ದಿನಾ ನಸುಕಿನ್ಯಾಗ ಏಳೂದಂದ್ರ? ಬೀಗರ ಮನಿಗೆ ಹೋಗಬೇಕಾದ್ರ ಏನು ಮಾಡೂದ್ರಿ?”

ಒಬ್ಬರಾದರೂ ಮನೆಯಲ್ಲಿ ಉಳಿಯಬೇಕು ಎಂದೆ. ಅವರೂ ಚಹಾ ಕುಡಿದು ಹೋದರು.

ಸಂಕ್ರಾಂತಿ ಕಳೆದ ಮೇಲೆ ಬ್ಯಾಡಗಿಯಿಂದ ಗಂಡ ಹೆಂಡತಿ ಬಂದರು. ಆಕೆ ಅಲ್ಲಿ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಿದ್ದರು. ಇಲ್ಲಿ ಪೇಟೆಯವರಿಗೆ ಮಧ್ಯಾಹ್ನದ ಬುತ್ತಿ ಕಟ್ಟುವ ವಿಚಾರ ಅವರದು. ಕೀಲಿಕೈಯ ಮಾತನ್ನು ನಾನು ಅಳುಕುತ್ತಲೇ ತೆಗೆದೆ. ಆಕೆಯ ಕಣ್ಣು ಅರಳಿತು.

“ಅಂದ್ರ ಬಾಗಲಾ ಯಾವಾಗ ತೆಗೀಬೇಕಂತ ನಾವ್ ಯಾರನ್ನೂ ಕೇಳಬೇಕಿಲ್ಲ? ಹಿಟ್ಟಿನ ಗಾಡಿ ನಸುಕಿನ್ಯಾಗ ಬಂದ್ರೂ ನಡೀತೈತಿ?”

“ನಡೆಯುತ್ತದೆ” ಎಂದೆ.

“ಮತ್ತ ಇದನ್ನ ಯಾಕ ಕಡೀಕ ಹೇಳಿದ್ರಿ ಸರ? ಮೊದಲs ಹೇಳಬೇಕಿಲ್ಲೇನು?”

ಬೆಲೆಯೂ ಆ ಹೊತ್ತಿನಲ್ಲಿಯೇ ಕುದುರಿತು. ಆದರೆ ಉಳಿದ ಅಂಗಡಿಯವರೆಲ್ಲ ಒಪ್ಪಿದರೂ ಕೆಳಗಿನ ಅರಿವೆ ಅಂಗಡಿಯ ಸಾಹುಕಾರರು ತಲೆ ಅಲ್ಲಾಡಿಸಿಬಿಟ್ಟರು.

“ಬ್ಯಾಡಗಿ ಮೆಣಸಿನಕಾಯಿ ಘಾಟು ನನ್ನ ಸೀರಿಗೆ ಹತ್ತಿದ್ರ, ಮದುವಿ ಜವಳಿ ತಗೊಳ್ಳಾವ್ರು ಸೀನಕೋತ ಹೋಗ್ತಾರ. ನಾ ಒಪ್ಪಾಂವಲ್ಲ.”

“ಒಂದಿನ ಇಲ್ಲೇ ಅಡಗಿ ಮಾಡಿ ತೋರಸ್ತೇನಿ” ಎಂದರು ಆಕೆ. “ವಾಸನಿ ಬಂದ್ರ ನಾನs ಬ್ಯಾಡಂತೇನಿ.”

ಗೊತ್ತಾದ ದಿನ ಬೆಳಿಗ್ಗೆ ಸಾಹುಕಾರರು ಹೊಸ ಬಿಳಿ ಧೋತರವೊಂದನ್ನು ನಮ್ಮ ಮೆಟ್ಟಿಲ ಬುಡದಲ್ಲಿ ತೂಗುಹಾಕಿ, ಅದರ ಪಕ್ಕದಲ್ಲಿಯೇ ಖುರ್ಚಿ ಹಾಕಿಕೊಂಡು ಕುಳಿತರು. ಉಳಿದ ಅಂಗಡಿಯವರಿಗೆ ಅಂದು ವ್ಯಾಪಾರಕ್ಕಿಂತ ಆ ಧೋತರವೇ ಮುಖ್ಯವಾಯಿತು. ಮೇಲೆ ಖಾರ ಕುಟ್ಟಲಾಯಿತು, ಒಗ್ಗರಣೆ ಚಟಪಟ ಎಂದಿತು, ಬದನೆಕಾಯಿ ಎಣ್ಣೆಯಲ್ಲಿ ಬಾಡಿತು. ಅಡುಗೆಮನೆಯ ಕಿಟಕಿ ಹಿಂದಿನ ಓಣಿಗೆ ತೆರೆಯುತ್ತದೆಂಬುದು ನನಗೆ ಗೊತ್ತಿದ್ದರೂ ಗಾಳಿಯ ಮೇಲೆ ನಂಬಿಕೆಯಿರಲಿಲ್ಲ. ಮೇಲಕ್ಕೆ ಓಡಿ ಹೊಗೆ ನೋಡುವುದು, ಕೆಳಕ್ಕೆ ಓಡಿ ಸಾಹುಕಾರರ ಮೂಗು ನೋಡುವುದು, ಇದೇ ನನ್ನ ಕೆಲಸವಾಯಿತು.

“ಒಂದು ಕಡೆ ಕುಂದ್ರೋ, ನಿನ್ನ ನೋಡಿ ನನಗ ಮೊಣಕಾಲು ನೋಯಾಕತ್ತಾವು” ಎಂದು ಅಕ್ಕ ಬೈದಳು. ಆಕೆಯ ಕೈಯೂ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿತ್ತು.

ಮಧ್ಯಾಹ್ನ ಸಾಹುಕಾರರು ಏದುಸಿರು ಬಿಡುತ್ತ ಮೇಲೆ ಬಂದರು, ಮುಖದಲ್ಲಿ ಸಿಟ್ಟಿತ್ತು.

“ಎಷ್ಟೊತ್ತು ಕುಂದ್ರಲೆವ್ವಾ? ಒಲಿ ಹಚ್ಚೂದು ಯಾವಾಗ?”

“ಒಲಿ ಆರಿಸಿದ್ದೂ ಆತ್ರಿ ಸಾವಕಾರ್ರ. ಕೈ ತೊಳಕೋರಿ, ಊಟಾ ಮಾಡ್ರಿ.”

ಅವರು ತಟ್ಟನೆ ಕೆಳಗಿಳಿದು ಧೋತರವನ್ನು ಮೂಸಿದರು. ಬಳೆ ಅಂಗಡಿಯವರಿಗೆ ಮೂಸಲು ಕೊಟ್ಟರು. ನನ್ನ ಮೂಗಿಗೂ ಹಿಡಿದರು. ಹೊಸ ಬಟ್ಟೆಯ ಗಂಜಿಯ ವಾಸನೆಯ ಹೊರತು ಬೇರೇನೂ ಇರಲಿಲ್ಲ. ಮತ್ತೆ ಮೇಲೆ ಬಂದು ಎಲೆಯ ಮುಂದೆ ಕುಳಿತು, ಎಣ್ಣೆಗಾಯಿಗೆ ರೊಟ್ಟಿ ಮುರಿದುಕೊಳ್ಳುತ್ತ ತೀರ್ಪು ಕೊಟ್ಟರು:

“ಕೀಲಿಕೈ ಕೊಡ್ರಿ ಸರ. ಆದ್ರ ದಿನಾ ಮೊದಲನೇ ಬುತ್ತಿ ನನ್ನ ಅಂಗಡಿಗೆ ಬರಬೇಕು, ನೋಡ್ವಾ ತಂಗಿ!”

ಕೆಳಗಿದ್ದವರಿಗೆಲ್ಲ ಸುದ್ದಿ ಮುಟ್ಟಿಸಲು ನಾನು ಎರಡೆರಡು ಮೆಟ್ಟಿಲುಗಳನ್ನು ಒಮ್ಮೆಗೇ ಇಳಿದೆ. ಶಾಲೆಯಲ್ಲಿ ಯಾವ ಮಗುವನ್ನೂ ನಾನು ಹಾಗೆ ಇಳಿಯಲು ಬಿಟ್ಟವನಲ್ಲ. ಹಾವೇರಿಯ ಮಾಲೀಕರಿಗೆ ಅಲ್ಲಿಂದಲೇ ಫೋನು ಮಾಡಿದೆ. ಏನು ಹೇಳಿದೆನೆಂಬುದು ಈಗ ನೆನಪಿಲ್ಲ. ಅವರು ನಕ್ಕಿದ್ದು ಮಾತ್ರ ನೆನಪಿದೆ.

ಖರೀದಿಪತ್ರಕ್ಕೆ ಅಕ್ಕನ ಸಹಿಯೂ ಬೇಕಾಗಿತ್ತು. ಸಹಿ ಹಾಕಿ ನೇರವಾಗಿ ಹಾವೇರಿಗೆ ಹೊರಡುವವರಿದ್ದೆವು. ನೋಂದಣಿಯ ದಿನ ಅಂಗಡಿಯವರು ಮತ್ತೆ ಖುರ್ಚಿ ತಂದರು. ಆಕೆ ಅದನ್ನು ಕೈಯಿಂದ ಸರಿಸಿದಳು.

“ಇದು ಕಡೀ ಸಲ ಇಳಿಯೂದು. ನಾನs ಇಳೀತೇನಿ. ನೀವು ಜಾಗಾ ಬಿಡ್ರಿ ಸಾಕು.”

ಒಂದು ಕೈ ಗೋಡೆಗೆ, ಒಂದು ಕೈ ನನ್ನ ಭುಜಕ್ಕೆ ಕೊಟ್ಟು, ನಡುನಡುವೆ ಕುಳಿತು, ಎದ್ದು, ಯಾರನ್ನೋ ಗದರಿಸುತ್ತ, ಅಕ್ಕ ಇಳಿದಳು. ಕೆಳಗೆ ಸಾಹುಕಾರರು ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದು ನಿಂತಿದ್ದರು. ಬ್ಯಾಡಗಿಯ ದಂಪತಿ ಹೆಬ್ಬಾಗಿಲ ಬಳಿ ಕಾಯುತ್ತಿದ್ದರು. ಕೊನೆಯ ಮೆಟ್ಟಿಲಿಂದ ನೆಲಕ್ಕೆ ಕಾಲಿಟ್ಟ ಅಕ್ಕ ಸೀರೆಯ ನೆರಿಗೆ ಸರಿಪಡಿಸಿಕೊಂಡು, ನಮ್ಮೆಲ್ಲರಿಗಿಂತ ಮುಂದಾಗಿ ಆಟೋದತ್ತ ನಡೆದಳು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಕೆಯ ಸಹಿ, ನನ್ನ ಸಹಿ, ಅವರ ಸಹಿ ಬಿದ್ದು ಮಾರಾಟ ಪೂರ್ಣಗೊಂಡದ್ದು ೨೦೨೪ನೆಯ ಫೆಬ್ರುವರಿ ತಿಂಗಳ ೨೨ನೆಯ ತಾರೀಖು, ಗುರುವಾರ.