ಎಡಗಡೆಯ ಹಿಂದಿನ ಚಕ್ರ

ಓಣಿಯ ಜನ ಅವಳ ಗಂಡನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಬಾಡಿಗೆ ಕಾರು ಓಡಿಸುವವನಿಗೆ ಅದೇನೂ ಹೊಗಳಿಕೆಯಲ್ಲ. ಅವಸರದವರು ಅವನ ಕಾರಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವ ಮುದುಕರು, ತುಂಬು ಬಸುರಿಯರು ಮಾತ್ರ ಬೇರೆ ಕಾರು ಬಂದರೆ ವಾಪಸ್ಸು ಕಳಿಸಿ ಅವನಿಗಾಗಿ ಕಾಯುತ್ತಿದ್ದರು. ಅವನು ಹೋಗಿ ಏಳು ತಿಂಗಳಾಗಿತ್ತು. ಕೈಯಿಂದ ಶುರುವಾಗಿ, ಕಾಲಿಗಿಳಿದು, ಕೊನೆಗೆ ಉಸಿರನ್ನೇ ಹಿಡಿದ ನರದ ಕಾಯಿಲೆ.

ಅವಳು ದರ್ಜಿ. ಆಸ್ಪತ್ರೆಯ ನರ್ಸುಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ ಹೋದ ಮೇಲೆ ಬಟ್ಟೆಯ ಗಂಟು ಹೊತ್ತು ಬಸ್ಸಿನಲ್ಲಿ ಓಡಾಡಿ ಸೊಂಟ ಬಿದ್ದುಹೋಯಿತು. ವರ್ಷಗಟ್ಟಲೆ ಮುಸುಕು ಹೊದ್ದು ನಿಂತಿದ್ದ ಕಾರನ್ನು ಹೊರಗೆಳೆದು, ನಲವತ್ತಾರರ ವಯಸ್ಸಿನಲ್ಲಿ ಓಡಿಸಲು ಕಲಿತಳು. ಮೂರು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನಿಂದ ಕರಕರ ಶಬ್ದ ಕೇಳತೊಡಗಿತು.

ಕಲ್ಲು ಸಿಕ್ಕಿರಬೇಕು ಎಂದುಕೊಂಡಳು. ಆದರೆ ಹ್ಯಾಂಡ್ ಬ್ರೇಕ್ ಮೊದಲಿನಂತೆ ನಾಲ್ಕು ಹಲ್ಲಿಗೆ ನಿಲ್ಲದೆ ಒಂಬತ್ತರವರೆಗೆ ಮೇಲೇಳುತ್ತಿತ್ತು. ಇಳಿಜಾರಿನಲ್ಲಿ ಪೆಡಲು ಪಾದದಡಿ ಆಳಕ್ಕೆ ಹೋಗುತ್ತಿತ್ತು. ಇದು ಕಲ್ಲಿನ ಕೆಲಸವಲ್ಲ ಎಂದು ಅವಳಿಗೆ ಗೊತ್ತಾಯಿತು. ಹದಿನೈದು ವರ್ಷ ಗಂಡ ಕಾರಿನಡಿ ಮಲಗಿದಾಗ ಬೇಕಾದ ಸ್ಪ್ಯಾನರನ್ನು ಅವನು ಕೇಳುವ ಮೊದಲೇ ಕೈಗಿಟ್ಟವಳು ಅವಳು.

ಜೊತೆಗಿದ್ದವಳು ನಾದಿನಿ, ಗಂಡನ ತಂಗಿ, ಶಾಲೆಯೊಂದರಲ್ಲಿ ಗುಮಾಸ್ತೆ. ರಜೆಯ ದಿನ ಬೆಳಿಗ್ಗೆ ಅತ್ತಿಗೆ ಜಾಕ್ ಹೊರತೆಗೆದಿದ್ದನ್ನು ಕಂಡು ಅವಳು ಓಡಿಬಂದಳು.

"ಅತ್ತಿಗೆ, ಇದೇನು ರವಿಕೆಗೆ ಕೊಕ್ಕೆ ಹಾಕೋ ಕೆಲಸ ಅಂದುಕೊಂಡ್ರಾ? ಗ್ಯಾರೇಜಿಗೆ ಕೊಡಿ, ಸುಮ್ಮನೆ."

"ನಿಮ್ಮಣ್ಣನ ಕೈ ಬಿಟ್ಟರೆ ಈ ಕಾರಿಗೆ ಇನ್ನೊಬ್ಬರ ಕೈ ಬಿದ್ದಿಲ್ಲ ಕಣೇ. ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಡು, ಮಾತು ಆಮೇಲೆ."

ಚಕ್ರ ಬಿಚ್ಚಿದಳು. ಒಳಗಿನ ಡ್ರಮ್ಮು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತ ಬಂದಳು. ಅರ್ಧ ಗಂಟೆಯ ಮೇಲೆ ಅದು ಕಳಚಿಕೊಂಡಿತು. ಕಪ್ಪು ಪುಡಿಯನ್ನು ಊದಲು ಬಾಗಿದ ನಾದಿನಿಯನ್ನು ತಡೆದು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಚಕ್ರವನ್ನು ಹಿಡಿದು ನಿಲ್ಲಿಸುವ ಎರಡು ಬ್ರೇಕ್ ಶೂಗಳು ಅರ್ಧ ಬಳೆಯಂತೆ ಬಾಗಿ ಕೂತಿದ್ದವು. ಅವುಗಳ ಮೇಲಿನ ಉಜ್ಜುವ ಪಟ್ಟಿ, ಲೈನಿಂಗ್, ಸವೆದು, ಅದನ್ನು ಹಿಡಿದಿದ್ದ ತಾಮ್ರದ ಮೊಳೆಗಳು ಹೊರಬಂದಿದ್ದವು. ಕರಕರ ಅಂದದ್ದು ಅವೇ. ಡ್ರಮ್ಮಿನೊಳಗೆ ಗೀರು ಬಿದ್ದಿತ್ತಾದರೂ ಉಗುರು ಸಿಕ್ಕಿಕೊಳ್ಳುವಷ್ಟು ಆಳವಿರಲಿಲ್ಲ.

ಬಲಗಡೆಯದನ್ನೂ ಬಿಚ್ಚಿ ನೋಡಿದಳು. ಅಲ್ಲಿನ ಶೂಗಳು ಹೊಸವು, ದಪ್ಪ ದಪ್ಪ.

ಅವಳು ಅಲ್ಲೇ ಕುಕ್ಕರಿಸಿದಳು. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಡುವ ಮನುಷ್ಯನಲ್ಲ ಅವನು. "ಎರಡೂ ಕಡೆ ಒಂದೇ ಸಲ ಆಗಬೇಕು, ಇಲ್ಲದಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತೆ" ಎಂದು ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದವನು. ಎದ್ದು ಹೋಗಿ ಅವನ ಸಾಮಾನಿನ ಕಪಾಟು ಜಾಲಾಡಿದಳು. ಕೆಳಗಿನ ಅರೆಯಲ್ಲಿ, ಹಳೆಯ ಟ್ಯೂಬಿನ ಹಿಂದೆ, ಕಾಗದದಲ್ಲಿ ಸುತ್ತಿಟ್ಟ ಎರಡು ಹೊಸ ಶೂಗಳು ಸಿಕ್ಕವು. ಒಂದರ ಅಂಚಿನ ತುಂಬ ಇಕ್ಕಳ ಜಾರಿದ ಗೀರುಗಳು, ಒಂದಲ್ಲ, ಹತ್ತಿಪ್ಪತ್ತು. ಜೊತೆಗೆ, ಎರಡು ಶೂಗಳನ್ನೂ ಎಳೆದು ಹಿಡಿಯುವ ಸ್ಪ್ರಿಂಗ್ ಇತ್ತು, ಅದರ ಕೊಕ್ಕೆ ಸೊಟ್ಟಗಾಗಿತ್ತು.

ಆಗ ಆ ದಿನ ಅವಳ ಕಣ್ಣಿಗೆ ಕಟ್ಟಿತು. ಕಾಯಿಲೆಯ ಹೆಸರು ಯಾರ ಬಾಯಲ್ಲೂ ಬರುವ ಮೊದಲಿನ ಮಾತು. ಬಲಗಡೆ ಮುಗಿಸುವಷ್ಟರಲ್ಲೇ ಅವನು ಬೆವರಿ ತೊಪ್ಪೆಯಾಗಿದ್ದ. ಎಡಗಡೆಗೆ ಬಂದಾಗ "ನೀನು ಒಳಗೆ ಹೋಗು, ಹೊಲಿಗೆ ಬಾಕಿ ಇದೆಯಲ್ಲ" ಎಂದು ಅವಳನ್ನು ಕಳಿಸಿದ. ಯಾವತ್ತೂ ಹಾಗೆ ಕಳಿಸಿದವನಲ್ಲ. ಎರಡು ಗಂಟೆಯ ಮೇಲೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು "ಎರಡೂ ಆಯ್ತು" ಎಂದ. ಅವಳು ಚಹಾ ಕೊಟ್ಟಳು. ಲೋಟ ಅವನ ಕೈಯಿಂದ ಜಾರಿ, ಹೊಲಿದಿಟ್ಟಿದ್ದ ಬಿಳಿ ಬಟ್ಟೆಯ ಮೇಲೆಲ್ಲ ಚೆಲ್ಲಿತು.

"ನಿಮ್ಮ ಕೈಗೇನು ರೋಗ ಬಂದಿದೆ?" ಎಂದು ಅವಳು ಕಿರುಚಿದ್ದಳು.

ಎಲ್ಲರ ಮನೆಯಲ್ಲೂ ದಿನಕ್ಕೆ ನಾಲ್ಕು ಸಲ ಆಡುವ ಮಾತು. ಅವನು ನಕ್ಕು, ಬಗ್ಗಿ ನೆಲ ಒರೆಸಿದ. ಮರುದಿನವೇ ಕಾಯಂ ಗಿರಾಕಿಗಳಿಗೆಲ್ಲ "ಕಣ್ಣು ಮಂಜಾಗಿದೆ, ಬೇರೆ ಕಾರು ನೋಡಿಕೊಳ್ಳಿ" ಎಂದು ಹೇಳಿಬಂದ. ಬೇರೆಯವರ ಜೀವವನ್ನು ಆ ಕೈಗೆ ಒಪ್ಪಿಸಲು ಅವನಿಗೇ ಧೈರ್ಯವಿರಲಿಲ್ಲ. ಅದಾಗಿ ಮೂರು ತಿಂಗಳ ಮೇಲಷ್ಟೇ ಡಾಕ್ಟರ ಬಳಿ ಹೋದದ್ದು. ಆ ಮೂರು ತಿಂಗಳು ಅವನೊಬ್ಬನೇ ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದ.

"ಏನಾಯ್ತು ಅತ್ತಿಗೆ?"

ಅವಳು ಗೀರು ಬಿದ್ದ ಶೂವನ್ನು ಮುಂದೆ ಹಿಡಿದಳು. "ನಿಮ್ಮಣ್ಣನಿಗೆ ಈ ಸ್ಪ್ರಿಂಗ್ ಎಳೆಯೋಕೆ ಆಗಲಿಲ್ಲ. ಹಳೇದನ್ನೇ ಹೇಗೋ ವಾಪಸ್ ಸಿಕ್ಕಿಸಿ, ಆಯ್ತು ಅಂದುಬಿಟ್ಟರು."

ನಾದಿನಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಮ್ಮಣ್ಣ ಸುಳ್ಳು ಹೇಳಿದ್ನಾ?" ಎಂದವಳು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿಗೆ ಅವಳ ತಲೆ ಸವರಿದಳು. ತಾನು ಅಂದು ಕಿರುಚಿದ ಮಾತನ್ನು ಮಾತ್ರ ಹೇಳಲಿಲ್ಲ.

ಹೊಸ ಸ್ಪ್ರಿಂಗ್ ತರಿಸಿ ಕೂರಿಸಲು ಮಧ್ಯಾಹ್ನವಾಯಿತು. ದಪ್ಪ ಬಟ್ಟೆಗೆ ಕತ್ತರಿ ಹಾಕಿ ಹಾಕಿ ಗಟ್ಟಿಯಾದ ಬೆರಳುಗಳು ಅವಳವು. ಆದರೂ ಇಕ್ಕಳ ಎರಡು ಸಲ ಜಾರಿತು. ಮೂರನೆಯ ಸಲ ಹಲ್ಲು ಕಚ್ಚಿ ಎಳೆದಾಗ ಕೊಕ್ಕೆ ಟಕ್ಕೆಂದು ತೂತಿಗೆ ಬಿತ್ತು. ಇಷ್ಟೇ ಕೆಲಸ. ಒಂದು ಮಾತು ಕೂಗಿದ್ದರೆ ತಾನೇ ಬಂದು ಎಳೆದುಕೊಡುತ್ತಿದ್ದೆನಲ್ಲ ಅನ್ನಿಸಿತು ಅವಳಿಗೆ.

ಡ್ರಮ್ಮು ಮುಚ್ಚಿ, ಚಕ್ರ ತಿರುಗಿಸಿ, ಲೈನಿಂಗ್ ಸೋಕಿಯೂ ಸೋಕದಂತೆ ಎರಡೂ ಕಡೆ ಹದ ಮಾಡಿದಳು. ಪೆಡಲು ಪಾದಕ್ಕೆ ಗಟ್ಟಿ ಸಿಕ್ಕಿತು. ನಾದಿನಿಯನ್ನು ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಓಡಿಸಿ ನಿಲ್ಲಿಸಿದಳು. ಕಾರು ಆ ಕಡೆ ಈ ಕಡೆ ಎಳೆಯದೆ ನೇರ ನಿಂತಿತು.

"ಅಣ್ಣನೇ ಮಾಡಿದ ಹಾಗಿದೆ," ಎಂದಳು ನಾದಿನಿ.

ಅವಳು ಕಾರನ್ನು ಮನೆಯತ್ತ ತಿರುಗಿಸಿದಳು. ಮನೆಗೆ ಬಂದು ಸೋಪು, ಸೀಮೆಎಣ್ಣೆ ಎಲ್ಲ ಹಾಕಿ ಕೈ ತಿಕ್ಕಿದಳು. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಸಂಜೆ ಸಮವಸ್ತ್ರಕ್ಕೆಂದು ಬಂದ ನರ್ಸಿಗೆ, "ಎರಡು ದಿನ ಬಿಟ್ಟು ಬಾಮ್ಮ, ಈ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟೋಕಾಗಲ್ಲ" ಎಂದು ಹೇಳಿ ಕಳಿಸಿ, ಹೊಲಿಗೆ ಯಂತ್ರಕ್ಕೆ ಮುಸುಕು ಹೊದಿಸಿದಳು.