ನೂರಕ್ಕೆ ಆರೂಕಾಲು
ಚಹಾ ತಳಿ ಕೇಂದ್ರದ ಲೆಕ್ಕದ ಲಾಯ್ ಮೇಷ್ಟ್ರು ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಹೊಸ ಗೊಬ್ಬರಕ್ಕೆ ಗಿಡ ಚೆನ್ನಾಗಿ ಚಿಗುರಿತು ಅಂತ ಯಾರಾದರೂ ಕುಣಿದರೆ, "ತಾಳಪ್ಪಾ, ಗೊಬ್ಬರದಲ್ಲಿ ಏನೂ ಇಲ್ಲ ಅಂತಲೇ ಇಟ್ಕೊ. ಬರೀ ಆಕಸ್ಮಿಕಕ್ಕೆ ಇಷ್ಟು ವ್ಯತ್ಯಾಸ ನೂರಕ್ಕೆ ಎಷ್ಟು ಸಲ ಬಂದೀತು?" ಅಂದು, ಸರಾಸರಿಗಳ ಅಂತರವನ್ನು ಏರುಪೇರಿನಿಂದ ಭಾಗಿಸಿ, ಕೋಷ್ಟಕದಲ್ಲಿ ಬೆರಳಿಟ್ಟು ನೋಡುತ್ತಾರೆ. ಐದು ಸಲಕ್ಕಿಂತ ಕಡಿಮೆಯಾದರೆ ಗೊಬ್ಬರದ್ದೇ ಗುಣ, ಸರಿ. ಐದೂಕಾಲು ಬಂದರೂ "ಸಾಲದು". "ಮೇಷ್ಟ್ರೇ, ಸೊರಗಿದ್ದೀರಿ" ಅಂತ ಯಾರಾದರೂ ಅಂದರೂ ಅದೇ "ಸಾಲದು". ಹೀಗಾಗಿ ಅವರ ಮೇಜಿನ ಹತ್ತಿರ ಹರಟೆಗೆ ಯಾರೂ ಸುಳಿಯುವುದಿಲ್ಲ, ಮನೆಯಲ್ಲೂ ಯಾರೂ ಇಲ್ಲ. ಕೇಂದ್ರದ ಅಡುಗೆಯವಳು, ಗಂಡ ಸತ್ತ ಬಾವ್‌ಚೂ ಮಾತ್ರ ಚಹಾದಲ್ಲಿ ಬೇಯಿಸಿದ ಮೊಟ್ಟೆ ಬಡಿಸುತ್ತ, "ತಿನ್ನಿ ಮೇಷ್ಟ್ರೇ, ಲೆಕ್ಕ ಓಡಿಹೋಗಲ್ಲ" ಅನ್ನುತ್ತಿದ್ದಳು. ಒಂದು ವಾರ ಐದು ದಿನವೂ ಪಕ್ಕದಲ್ಲಿ ಊಟಕ್ಕೆ ಕೂತವನಿಗಿಂತ ದೊಡ್ಡ ಮೊಟ್ಟೆ ಮೇಷ್ಟ್ರ ಬಟ್ಟಲಿಗೇ ಬಿತ್ತು. ತನಗೆಂದೇ ಆರಿಸಿದಳೋ, ಕೈಗೆ ಸಿಕ್ಕಿದ್ದನ್ನು ಹಾಕಿದಳೋ? ಲೆಕ್ಕ ಹಾಕಿದರು. ಬರೀ ಆಕಸ್ಮಿಕವಾದರೂ ಐದೂ ದಿನ ದೊಡ್ಡದು ಇಬ್ಬರಲ್ಲಿ ಒಬ್ಬರಿಗೇ ಬೀಳುವುದು ನೂರಕ್ಕೆ ಆರೂಕಾಲು ಸಲ. ಸಾಲದು. ಆರನೆಯ ದಿನವೂ ಬಿದ್ದರೆ ಮೂರು ಚಿಲ್ಲರೆ. ಆಗ ಅವಳನ್ನು ಬಾಯಿಬಿಟ್ಟು ಕೇಳಬಹುದು. ಶುಕ್ರವಾರ ಸಂಜೆ ಅವಳೇ ಮೇಷ್ಟ್ರ ಕೋಣೆಯ ಬಾಗಿಲಿಗೆ ಬಂದಳು. "ಕೆಲಸ ಬಿಟ್ಟೆ ಮೇಷ್ಟ್ರೇ. ನಾಳೆ ತಾಯ್ನಾನ್‌ಗೆ, ತಂಗಿ ಮನೆಗೆ ಹೋಗ್ತೀನಿ. ಏನಾದ್ರೂ ಹೇಳೋದಿದ್ರೆ ಹೇಳಿಬಿಡಿ." "ಇನ್ನೊಂದು ದಿನ ಇರೋಕಾಗಲ್ವಾ?" "ಒಂದು ದಿನ ಇದ್ದು ಏನ್ ಮಾಡ್ಲಿ?" ಮೇಷ್ಟ್ರು ಕೋಷ್ಟಕ ನೋಡಿದರು. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಕಾದಳು, ಮತ್ತೆ ಬದಲಿಸಿಕೊಂಡಳು. ಅವರು ಕೋಷ್ಟಕದ ಪುಸ್ತಕ ಮುಚ್ಚಿ ತಲೆಯೆತ್ತುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ.