ಜಯನಗರದ ಬ್ಲ್ಯಾಕ್‌ಕರೆಂಟ್ ಗಿಡ

ಬಿಜಾಪುರ ಬಿಟ್ಟು ಬಂದ ಮೊದಲ ಬೇಸಿಗೆಯಲ್ಲಿ ಜಯನಗರದಲ್ಲಿ ಕಂಡ ಸೋಜಿಗ ಇದು: ನಮ್ಮ ಮನೆಯ ಒಡತಿ ಫ್ರಿಜ್ಜಿನಿಂದ ಐಸ್ ತೆಗೆದು ಗಿಡದ ಬುಡಕ್ಕೆ ಸುರಿಯುತ್ತಿದ್ದರು. ನಮ್ಮೂರಲ್ಲಿ ಆಗ ಮನುಷ್ಯರಿಗೇ ಐಸ್ ಸಿಗುತ್ತಿರಲಿಲ್ಲ.

ಒಡತಿಯನ್ನು ಇಲ್ಲಿ ಆಂಟಿ ಎನ್ನಬೇಕು. ನಮ್ಮ ಕಡೆಯಂತೆ ‘ಕಾಕು’ ಎಂದರೆ ಮುಖ ಗಂಟಾಗುತ್ತದೆ. ತಮ್ಮ ಅಪ್ಪನ ಮನೆಯನ್ನು, ತಂಗಿಗೆ ಪಾಲು ಕೊಡದೆ, ಒಬ್ಬರೇ ನುಂಗಿ, ಹಿಂದಿನ ಎರಡು ಕೋಣೆಗಳನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಸ್ಕಾಟ್ಲೆಂಡಿನಲ್ಲಿರುವ ಆ ತಂಗಿ ಪಾಲಿನ ಜಗಳದ ನಂತರ ಒಮ್ಮೆ ಬಂದು, ಬ್ಲ್ಯಾಕ್‌ಕರೆಂಟ್ ಕಡ್ಡಿಯೊಂದನ್ನು ನೆಟ್ಟು, “ಇದು ಹಣ್ಣು ಬಿಟ್ಟ ವರ್ಷ ಬರ್ತೀನಿ ಅಕ್ಕ” ಎಂದು ಹೋಗಿದ್ದಳಂತೆ. ಆಂಟಿ ಅದನ್ನೇ ನಂಬಿ, ಚಳಿನಾಡಿನ ಗಿಡಕ್ಕೆ ತಂಪಿರಲೆಂದು ಐಸ್ ಸುರಿದು ಕಾಯುತ್ತಿದ್ದರು.

“ಮುಳ್ಳಿಲ್ಲ, ಬೂದಿರೋಗ ಬರಲ್ಲ. ಹಿಮದಲ್ಲಿ ಹೂತ್ರೂ ಸಾಯೋ ಜಾತಿ ಅಲ್ಲ. ನೀವುಗಳು ಡಿಸೆಂಬರ್‌ಗೇ ನಡುಗ್ತೀರಪ್ಪ!” ಎನ್ನುತ್ತಿದ್ದರು. ಒಂದು ದಿನ ಎಲೆ ಉಜ್ಜಿ ನನ್ನ ಮೂಗಿಗೆ ಹಿಡಿದರು. ನನಗಂತೂ ಬೆಕ್ಕಿನ ಉಚ್ಚೆಯ ವಾಸನೆ ಬಂತು.

ಒಮ್ಮೆ ನನ್ನ ಗಂಡನಿಗೆ ಜ್ವರ ನೆತ್ತಿಗೇರಿತು. ಓಡಿಹೋಗಿ, “ಆಂಟಿ, ಒಂದೀಟು ಐಸ್ ಕೊಡ್ರಿ, ಇವ್ರ ಮೈ ಕೆಂಡ ಆಗೇದ” ಎಂದೆ.

“ಗಿಡಕ್ಕೆ ಎತ್ತಿಟ್ಟಿದೀನಮ್ಮ. ಒದ್ದೆ ಬಟ್ಟೆ ಹಾಕು, ಹೋಗುತ್ತೆ.”

ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಮ್ಮ ಫೋನುಗಳೂ ಅವರ ಮನೆಗೇ ಬರುತ್ತಿದ್ದವು. ಒಂದು ದಿನ ಆಂಟಿ ದೇವಸ್ಥಾನಕ್ಕೆ ಹೋಗಿದ್ದಾಗ ಫೋನ್ ಬಂತು, ನಾನೇ ಎತ್ತಿದೆ. ಆ ಕಡೆ ಆಂಟಿಯ ತಂಗಿ. ಗಿಡದಲ್ಲಿ ಬರೀ ಎಲೆ ಎಂದೆ. ನಕ್ಕಳು.

“ಗಟ್ಟಿ ತಳಿ ಕಣ್ರೀ, ಸಾಯಲ್ಲ. ಆದ್ರೆ ತಿಂಗಳುಗಟ್ಲೆ ಕೊರೆಯೋ ಚಳಿ ಬೀಳ್ದೆ ಹಣ್ಣು ಬಿಡಲ್ಲ. ಜಯನಗರದಲ್ಲೆಲ್ಲಿ ಬೀಳತ್ತೆ? ಅಕ್ಕಂಗೆ ಹೇಳ್ಬೇಡಿ.”

ಬಿಸಿಲಿಗೇ ಸಿಹಿಯಾಗುವ ದ್ರಾಕ್ಷಿ ಬೆಳೆದವರ ಮಗಳು ನಾನು. ಚಳಿ ಬೇಡುವ ಹಣ್ಣೂ ಉಂಟೆಂದು ಅಂದೇ ತಿಳಿಯಿತು. ಆಂಟಿಗೆ ಹೇಳಲಿಲ್ಲ. ಮರುದಿನ ಆಂಟಿ ಮತ್ತೆ ಐಸ್ ತಂದಾಗ, “ಇನ್ನಷ್ಟು ಹಾಕ್ರಿ ಆಂಟಿ, ಈ ವರ್ಷ ಬಿಟ್ಟೇ ಬಿಡ್ತದ” ಎಂದೆ. ಹೊಟ್ಟೆ ತಣ್ಣಗಾಯಿತು.

ಈಗ ಜಯನಗರದಾಚೆ ಜರಗನಹಳ್ಳಿಯಲ್ಲಿದ್ದೇವೆ. ನಮ್ಮದೇ ಫ್ರಿಜ್, ನಮ್ಮದೇ ಫೋನ್. ಊರಿಗೆ ಹೋದರೆ ಬಿಸಿಲು ತಾಳಲಾರೆ. ಇಲ್ಲಿದ್ದರೆ ಊರಲ್ಲಿರುವ ನಮ್ಮಕ್ಕನ ದನಿಗೆ ಜೀವ ಹಾತೊರೆಯುತ್ತದೆ. ಮೊನ್ನೆ ಅವಳೇ ಫೋನ್ ಮಾಡಿ, “ಈ ಸಲನಾದ್ರೂ ಬರ್ತಿಯೇನವಾ?” ಎಂದಳು.

“ದ್ರಾಕ್ಷಿ ಹಣ್ಣಾದಾಗ ಬರ್ತೀನಿ, ಅಕ್ಕಾ.”

ಹೋದ ವರ್ಷವೂ ಅದನ್ನೇ ಹೇಳಿದ್ದೆ, ಹೋಗಲಿಲ್ಲ. ಸ್ಕಾಟ್ಲೆಂಡಿನಾಕೆ ನನಗಿಂತ ವಾಸಿ, ಹಣ್ಣೇ ಬಿಡದ ಗಿಡ ಕೊಟ್ಟು ಹೋದಳು. ನಮ್ಮಕ್ಕನ ತೋಟದಲ್ಲಿ ವರ್ಷಾ ವರ್ಷಾ ದ್ರಾಕ್ಷಿ ಹಣ್ಣಾಗುತ್ತದೆ.